ಆರ್‌ಎಕ್ಸ್‌ಗೆ ಪೋರ್ಟಿಂಗ್: ಯಾವ ಬ್ಲಾಕ್ ಆರಿಸಬೇಕು?

ಹಳೆಯ ಆರ್‌ಎಕ್ಸ್ 100ಕ್ಕೆ ಪೋರ್ಟಿಂಗ್ ಮಾಡಿಸಲು ಹೊರಟವರು ಮೊದಲು ಕೇಳುವುದು, ಎಕ್ಸಾಸ್ಟ್ ಪೋರ್ಟನ್ನು ಎಷ್ಟು ಎತ್ತರಿಸಬೇಕು ಎಂದು. ಅದಕ್ಕೂ ಮೊದಲು ಕೇಳಬೇಕಾದದ್ದು, ಕೆಲಸ ಯಾವ ಬ್ಲಾಕಿನ (ಸಿಲಿಂಡರಿನ) ಮೇಲೆ ಎಂದು. ಈ ಗಾಡಿಯ ತಯಾರಿಕೆ ನಿಂತದ್ದು 1996ರಲ್ಲಿ. ಈಗ ಕೈಗೆ ಸಿಗುವ ಕಂಪನಿ ಬ್ಲಾಕುಗಳೆಲ್ಲ ಒಂದಲ್ಲ ಒಂದು ಬಗೆಯಲ್ಲಿ ದುಡಿದು ಬಂದವು. ಬೈಂದೂರಿನಿಂದ ಬ್ರಹ್ಮಾವರದವರೆಗಿನ ನಮ್ಮ ಕರಾವಳಿ ಪಟ್ಟಿಯಲ್ಲಿ ದುಡಿತದ ಸವೆತದ ಜೊತೆಗೆ ಸಮುದ್ರದ ಉಪ್ಪುಗಾಳಿಯ ತುಕ್ಕೂ ಸೇರಿಕೊಂಡಿರುತ್ತದೆ.

ಟೂ ಸ್ಟ್ರೋಕ್ ಎಂಜಿನಿಗೆ ಫೋರ್ ಸ್ಟ್ರೋಕಿನಂತೆ ಕ್ಯಾಮ್ ಇಲ್ಲ, ಹೊಗೆ ಬಿಡುವ ವಾಲ್ವ್ ಇಲ್ಲ. ಬ್ಲಾಕಿನ ಗೋಡೆಯಲ್ಲಿರುವ ಕಿಂಡಿಗಳೇ ಪೋರ್ಟುಗಳು. ಪಿಸ್ಟನ್ ಕೆಳಗಿಳಿಯುತ್ತ ಮೊದಲು ಎಕ್ಸಾಸ್ಟ್ ತೆರೆಯುತ್ತದೆ, ಆಮೇಲೆ ಟ್ರಾನ್ಸ್‌ಫರ್ ಪೋರ್ಟುಗಳು ತೆರೆದು ಕ್ರ್ಯಾಂಕ್‌ಕೇಸಿನಲ್ಲಿ ಒತ್ತಲ್ಪಟ್ಟ ಪೆಟ್ರೋಲು-ಗಾಳಿ ಮೇಲಕ್ಕೆ ನುಗ್ಗುತ್ತದೆ. ಯಾವ ಪೋರ್ಟ್ ಯಾವಾಗ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ನಿರ್ಧರಿಸುವುದು ಕಿಂಡಿಯ ಎತ್ತರ. ಎಕ್ಸಾಸ್ಟಿನ ಮೇಲಂಚನ್ನು ಅರೆದರೆ ಅದು ಬೇಗ ತೆರೆದು ತಡವಾಗಿ ಮುಚ್ಚುತ್ತದೆ. ಹೆಚ್ಚಿನ ಆರ್‌ಪಿಎಮ್‌ನಲ್ಲಿ ಎಂಜಿನ್ ಸಲೀಸಾಗಿ ಉಸಿರಾಡುತ್ತದೆ, ಕೆಳಗಿನ ಎಳೆತ ಮಾತ್ರ ತಗ್ಗುತ್ತದೆ.

ಎಷ್ಟು ಎಂಬುದಕ್ಕೆ ಲೆಕ್ಕವಿದೆ. ಆರ್‌ಎಕ್ಸ್ 100ರ ಬೋರ್ 50 ಮಿ.ಮೀ., ಸ್ಟ್ರೋಕ್ ಕೂಡ 50 ಮಿ.ಮೀ. ಇಷ್ಟು ಚಿಕ್ಕ ಸ್ಟ್ರೋಕಿನಲ್ಲಿ ಎಕ್ಸಾಸ್ಟ್ 1 ಮಿ.ಮೀ. ಎತ್ತರಿಸಿದರೆ ಅದು ತೆರೆದಿರುವ ಅವಧಿ ಹತ್ತಿರಹತ್ತಿರ ಐದು ಡಿಗ್ರಿ ಹೆಚ್ಚುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ 250 ಸಿಸಿ ಯೆಜ್ಡಿಯ ಸ್ಟ್ರೋಕ್ 75 ಮಿ.ಮೀ.; ಅಲ್ಲಿ ಅದೇ 1 ಮಿ.ಮೀ.ಗೆ ಸುಮಾರು ಮೂರೇ ಡಿಗ್ರಿ. ಹಾಗಾಗಿ ಯೆಜ್ಡಿಗೆ ಹೊಂದಿದ ಅಳತೆಯನ್ನು ಆರ್‌ಎಕ್ಸ್ ಬ್ಲಾಕಿಗೆ ತಂದರೆ ಕೆಲಸ ಕೆಡುತ್ತದೆ. ರಸ್ತೆಯಲ್ಲಿ ಓಡಿಸುವ ಗಾಡಿಯ ಪೋರ್ಟಿಂಗ್, ಅಂದರೆ ಸ್ಟ್ರೀಟ್ ಪೋರ್ಟ್, ಮಿಲಿಮೀಟರಿನ ಆಸುಪಾಸಿನ ಕೆಲಸ. ಅರೆದ ಲೋಹ ಮತ್ತೆ ಅಂಟುವುದಿಲ್ಲ. ಆದ್ದರಿಂದಲೇ ಲೋಹ ಉಳಿದಿರುವ ಬ್ಲಾಕನ್ನೇ ಹುಡುಕಬೇಕು.

ಸ್ಟ್ರೀಟ್ ಪೋರ್ಟ್ ಎಂಬ ಮಾತು ಮಜ್ದಾ ರೋಟರಿ ಎಂಜಿನಿನವರ ಬಾಯಲ್ಲೂ ಬಲು ಬಳಕೆಯದು. ನಮ್ಮ ಊರಿಗೆ ಮಜ್ದಾ ಎಂದರೆ ಸ್ವರಾಜ್ ಮಜ್ದಾ ಲಾರಿ, ಆದರೆ ಜಪಾನಿನ ಆ ಕಂಪನಿ 1978ರಿಂದ ಆರ್‌ಎಕ್ಸ್-7 ಎಂಬ ಕಾರಿನಲ್ಲಿ ಪಿಸ್ಟನ್ನೇ ಇಲ್ಲದ, ತ್ರಿಕೋನಾಕಾರದ ರೋಟರ್ ತಿರುಗುವ ಎಂಜಿನ್ ಕೊಟ್ಟಿತು. ಅದರ ರೋಟರ್ ಹೌಸಿಂಗ್ ಅಲ್ಯುಮಿನಿಯಮ್, ಒಳಮೈಗೆ ಕ್ರೋಮ್ ಲೇಪ. ಪಕ್ಕದ ಎರಕದ ಕಬ್ಬಿಣದ ಹೌಸಿಂಗುಗಳಲ್ಲಿ ಇನ್‌ಟೇಕ್ ಪೋರ್ಟುಗಳಿರುತ್ತವೆ. ಕ್ರೋಮ್ ಎದ್ದುಹೋದ ಹೌಸಿಂಗನ್ನು ಅವರು ಪಕ್ಕಕ್ಕಿಡುತ್ತಾರೆ, ಪೋರ್ಟ್ ಅರೆಯುವಾಗ ಹಿಂದಿನ ನೀರಿನ ದಾರಿಗೆ ತೂತು ಬೀಳದಂತೆ ಕಾಯುತ್ತಾರೆ. ನಮ್ಮ ಎಂಜಿನಿಗೆ ನೀರಿಲ್ಲ, ಗಾಳಿಯೇ ತಂಪು. ಆದರೂ ಅವರು ನೋಡುವ ಅದೇ ಎರಡು ಸಂಗತಿಗಳನ್ನು ನಾವೂ ನೋಡಬೇಕು: ಒಳಮೈ ಹೇಗಿದೆ, ಗೋಡೆ ಎಷ್ಟು ಉಳಿದಿದೆ.

ಒಳಮೈಯಿಂದ ಶುರುಮಾಡೋಣ. ಆರ್‌ಎಕ್ಸ್ ಬ್ಲಾಕ್ ಅಲ್ಯುಮಿನಿಯಮ್, ಒಳಗಿನ ಸ್ಲೀವ್ ಎರಕದ ಕಬ್ಬಿಣ. ಮಾರುವವರು "ಬ್ಲಾಕ್ ಲಾಯ್ಕ್ ಇತ್ತ್ ಮಾರಾಯ್ರೆ" ಎಂದರೂ ಬೋರ್ ಡಯಲ್ ಗೇಜ್ ಇರುವ ವರ್ಕ್‌ಶಾಪಿಗೆ ಒಯ್ದು ಅಳೆಸಿಯೇ ದುಡ್ಡು ಕೊಡಿ. ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಕಡೆ, ಪ್ರತಿ ಕಡೆ ಅಡ್ಡ ಮತ್ತು ಉದ್ದ ಅಳತೆ ತೆಗೆಯಬೇಕು. ಸವೆತ ಹೆಚ್ಚಾಗಿ ಕಾಣುವುದು ರಿಂಗ್ ಹೋಗಿ ಮುಟ್ಟುವ ಮೇಲ್ತುದಿಯಲ್ಲಿ ಮತ್ತು ಎಕ್ಸಾಸ್ಟ್ ಸುತ್ತ. ಮೇಲಕ್ಕೂ ಕೆಳಕ್ಕೂ 0.05 ಮಿ.ಮೀ. ದಾಟಿದ ವ್ಯತ್ಯಾಸವಿದ್ದರೆ ಆ ಬ್ಲಾಕಿಗೆ ಬೋರಿಂಗ್ ಖಚಿತ, ಬೆಲೆಯಲ್ಲಿ ಅದನ್ನು ಕಳೆಯಿರಿ. ಓವರ್‌ಸೈಜ್ ಪಿಸ್ಟನ್ನುಗಳು 0.25ರ ಹೆಜ್ಜೆಯಲ್ಲಿ 1.00 ಮಿ.ಮೀ. ತನಕ ಬರುತ್ತವೆ. ಸ್ಟ್ಯಾಂಡರ್ಡ್ ಅಥವಾ 0.25ರಲ್ಲಿರುವ ಬ್ಲಾಕಿಗೆ ಮುಂದೆ ಇನ್ನೂ ಮೂರು ನಾಲ್ಕು ಬೋರಿಂಗಿನ ಆಯುಸ್ಸು ಇದೆ. ಪೋರ್ಟಿಂಗ್ ಮಾಡಿದ ಎಂಜಿನ್ ರಿಂಗನ್ನು ಬೇಗ ತಿನ್ನುತ್ತದೆ, ಆ ಆಯುಸ್ಸು ಬೇಕೇ ಬೇಕು.

ಕರಾವಳಿಯವರು ಇದಕ್ಕೂ ಹೆಚ್ಚು ಗಮನಿಸಬೇಕಾದದ್ದು ತುಕ್ಕಿನ ಗುಳಿಗಳನ್ನು. ವರ್ಷಗಟ್ಟಲೆ ನಿಂತ ಗಾಡಿಯ ಪಿಸ್ಟನ್ ಕೆಳಗಿದ್ದರೆ ಎಕ್ಸಾಸ್ಟ್ ಪೋರ್ಟ್ ತೆರೆದೇ ಇರುತ್ತದೆ. ಮಳೆಗಾಲದ ತೇವ ಸೈಲೆನ್ಸರ್ ಮೂಲಕ ನೇರ ಸ್ಲೀವಿಗೆ ತಲುಪುತ್ತದೆ. ಗಂಗೊಳ್ಳಿ, ಮರವಂತೆಯಂಥ ಕಡಲ ಬದಿಯಲ್ಲಿ ಅದರೊಂದಿಗೆ ಉಪ್ಪೂ ಇರುತ್ತದೆ. ಸೀಮೆಎಣ್ಣೆಯಲ್ಲಿ ಒರೆಸಿ, ಪೋರ್ಟಿನ ಎದುರು ಗೋಡೆಯ ಮೇಲೆ ಉಗುರು ಆಡಿಸಿ. ಬಣ್ಣ ಮಾತ್ರ ಕಂದಿದ್ದರೆ ಹೋನಿಂಗಿನಲ್ಲಿ ಹೋಗುತ್ತದೆ, ಉಗುರು ಸಿಕ್ಕಿಕೊಂಡರೆ ಬೋರಿಂಗ್ ಬೇಕು. ಗುಳಿ 1.00ಕ್ಕೂ ಹೋಗದಷ್ಟು ಆಳವಿದ್ದರೆ ಸ್ಲೀವ್ ಬದಲಾಯಿಸದೆ ವಿಧಿಯಿಲ್ಲ. ಗಾಡಿಯನ್ನು ಮಳೆಗಾಲಕ್ಕೆ ನಿಲ್ಲಿಸುವವರು ಕಿಕ್ಕರನ್ನು ನಿಧಾನ ಒತ್ತಿ, ಕಂಪ್ರೆಶನ್ ಬಿಗಿ ಸಿಕ್ಕಿದಲ್ಲಿ ಬಿಡಿ. ಅಲ್ಲಿ ಪಿಸ್ಟನ್ ಎಕ್ಸಾಸ್ಟನ್ನು ಮುಚ್ಚಿರುತ್ತದೆ. ಸೈಲೆನ್ಸರ್ ಬಾಯಿಗೂ ಪ್ಲಾಸ್ಟಿಕ್ ಕಟ್ಟಿ.

ಸ್ಲೀವ್ ಬದಲಾಯಿಸಿದ ಬ್ಲಾಕ್ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ಟ್ರಾನ್ಸ್‌ಫರ್ ಪೋರ್ಟಿನೊಳಗೆ ಬೆರಳು ಹಾಕಿ ನೋಡಿ. ಸ್ಲೀವಿನ ಕಿಂಡಿಯೂ ಅಲ್ಯುಮಿನಿಯಮ್ ದಾರಿಯೂ ಒಂದಕ್ಕೊಂದು ಕೂಡಿರಬೇಕು. ಸ್ಲೀವ್ ಒಂದಿಷ್ಟು ಚಾಚಿಕೊಂಡಿದ್ದರೆ ಅರೆದು ಸರಿಪಡಿಸಬಹುದು. ಸ್ಲೀವ್ ಓರೆಯಾಗಿ ಕೂತು ಒಂದು ಕಡೆಯ ಪೋರ್ಟ್ ಇನ್ನೊಂದಕ್ಕಿಂತ ಮೇಲಿದ್ದರೆ ಅದನ್ನು ಅಲ್ಲೇ ಬಿಟ್ಟುಬನ್ನಿ. ಸಡಿಲ ಸ್ಲೀವ್ ಅದಕ್ಕಿಂತ ಅಪಾಯ: ಕಾದಾಗ ಅಲ್ಯುಮಿನಿಯಮ್ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ, ಹಿಡಿತ ತಪ್ಪುತ್ತದೆ.

ಈಗಾಗಲೇ ಪೋರ್ಟಿಂಗ್ ಆಗಿದೆ ಎಂದು ಹೆಚ್ಚು ಬೆಲೆ ಹೇಳುವ ಬ್ಲಾಕನ್ನು ನಾನಂತೂ ತೆಗೆದುಕೊಳ್ಳುವುದಿಲ್ಲ. ಎಕ್ಸಾಸ್ಟ್ ಪೋರ್ಟಿನ ಅಗಲ ಬೋರಿನ ಶೇ. 65ರ ಆಸುಪಾಸಿನಲ್ಲಿರಬೇಕು, 50 ಮಿ.ಮೀ. ಬೋರಿಗೆ ಅದು ಸುಮಾರು 32 ಮಿ.ಮೀ. ಶೇ. 70 ದಾಟಿದರೆ ರಿಂಗ್ ಕಿಂಡಿಯೊಳಗೆ ಉಬ್ಬಿ ಅಂಚಿಗೆ ತಗಲುತ್ತದೆ, ತುಂಡಾಗುತ್ತದೆ. ರಿಂಗಿನ ಎರಡು ತುದಿಗಳು ಕೂಡುವ ಜಾಗವನ್ನು ಪಿಸ್ಟನ್ನಿನಲ್ಲಿ ಒಂದು ಸಣ್ಣ ಪಿನ್ ಹಿಡಿದಿರುತ್ತದೆ. ಯಾವ ಪೋರ್ಟ್ ಅಗಲಿಸಿದರೂ ಅದರ ಅಂಚು ಈ ಪಿನ್ ಹಾದುಹೋಗುವ ಗೆರೆಯ ಹತ್ತಿರ ಬರಬಾರದು. ಅರೆದ ಮೇಲೆ ಅಂಚುಗಳನ್ನು ನಯವಾಗಿ ಇಳಿಜಾರು ಮಾಡಿರಬೇಕು. ಹಿಂದಿನವರು ಇದನ್ನೆಲ್ಲ ಪಾಲಿಸಿದ್ದಾರೋ ಇಲ್ಲವೋ ಎಂಬುದು ಬ್ಲಾಕಿನ ಹೊಳಪಿನಿಂದ ತಿಳಿಯುವುದಿಲ್ಲ.

ಜಪಾನಿನಲ್ಲೇ ಎರಕವಾದ 'ಜಪಾನ್ ಬ್ಲಾಕ್' ಎಂಬ ಹೆಸರಿಗೆ ಜನ ಸುರಿಯುವ ದುಡ್ಡೂ ನನಗೆ ಸರಿ ಕಾಣುವುದಿಲ್ಲ. ಒಳ್ಳೆಯ ಎರಕ ನಿಜ, ಆದರೆ ನಾಲ್ಕು ಸಲ ಬೋರ್ ಆಗಿ ಫಿನ್ನು ಮುರಿದ ಜಪಾನ್ ಬ್ಲಾಕಿಗಿಂತ ಸ್ಟ್ಯಾಂಡರ್ಡ್ ಬೋರಿನ ದೇಶೀ ಬ್ಲಾಕ್ ಮೇಲು. ಸೈಲೆನ್ಸರ್ ಬೋಲ್ಟಿನ ಥ್ರೆಡ್, ಹೆಡ್ ಕೂರುವ ಮುಖದ ಸಮತಲ, ಫಿನ್ನುಗಳು, ಇವನ್ನು ಎರಡು ನಿಮಿಷದಲ್ಲಿ ನೋಡಿ ಮುಗಿಸಬಹುದು.

ಆರ್‌ಎಕ್ಸ್ 135ರ ಬ್ಲಾಕ್ ಕೂರಿಸುವ ಆಸೆ ಹಲವರಿಗಿದೆ. ಸ್ಟ್ರೋಕ್ ಅದೇ 50, ಬೋರ್ 58, ಅಂದರೆ 132 ಸಿಸಿ. ದಪ್ಪ ಸ್ಲೀವಿಗೆ ಕ್ರ್ಯಾಂಕ್‌ಕೇಸ್ ಬಾಯಿ ಸಾಕಾಗುತ್ತದೆಯೇ ಎಂದು ಮೊದಲು ಅಳೆಯಬೇಕು. ಆರ್‌ಸಿಯಲ್ಲಿ 98 ಸಿಸಿ ಎಂದಿರುವ ಗಾಡಿಗೆ ಹೀಗೆ ಮಾಡುವುದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿಗೆ ವಿರುದ್ಧ. 2019ರ ತಿದ್ದುಪಡಿಯ ಪ್ರಕಾರ ನಿಯಮ ಮೀರಿದ ಒಂದೊಂದು ಮಾರ್ಪಾಟಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ ಅಥವಾ ಎರಡೂ ಆಗಬಹುದು.

ಬ್ಲಾಕ್ ಕೂತ ಮೇಲೆ ಉಳಿಯುವುದು ಕಾರ್ಬ್ಯುರೇಟರಿನ ಜೆಟ್. ಪೋರ್ಟಿಂಗ್ ಆದ ಎಂಜಿನ್ ಹೆಚ್ಚು ಗಾಳಿ ಎಳೆಯುತ್ತದೆ, ಮೇನ್ ಜೆಟ್ ದೊಡ್ಡದಾಗಬೇಕು. ಇಲ್ಲಿ ನಮ್ಮ ಭೂಗೋಳವೂ ಲೆಕ್ಕಕ್ಕೆ ಬರುತ್ತದೆ. ಆಗುಂಬೆ ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲಿದೆ, ಅಲ್ಲಿ ಗಾಳಿ ತೆಳು. ಕುಂದಾಪುರದಲ್ಲಿ ಜೆಟ್ ಹೊಂದಿಸಿದ ಗಾಡಿ ಘಟ್ಟ ಹತ್ತಿದರೆ ಪೆಟ್ರೋಲು ತುಸು ಹೆಚ್ಚಾಗಿ ಮಂಕಾಗುತ್ತದೆ, ಹಾನಿಯಿಲ್ಲ. ಬೆಂಗಳೂರಿನಲ್ಲೋ ತೀರ್ಥಹಳ್ಳಿಯಲ್ಲೋ ಹೊಂದಿಸಿ ಕೆಳಗೆ ತಂದ ಗಾಡಿಗೆ ಇಲ್ಲಿಯ ದಟ್ಟ ಗಾಳಿಗೆ ತಕ್ಕ ಪೆಟ್ರೋಲು ಸಾಲದು. ತ್ರಾಸಿ-ಮರವಂತೆಯ ನೇರ ಹೆದ್ದಾರಿಯಲ್ಲಿ ಪೂರ್ತಿ ಆಕ್ಸಿಲರೇಟರ್ ಹಿಡಿದರೆ ಪಿಸ್ಟನ್ ಕಾದು ಸೀಜ್ ಆಗುವುದು ಇದರಿಂದಲೇ. ಘಟ್ಟದ ಮೇಲಿಂದ ತಂದ ಗಾಡಿಯಾದರೆ ಒಂದು ಅಳತೆ ದೊಡ್ಡ ಜೆಟ್ ಹಾಕಿ, ಅದೇ ಹೆದ್ದಾರಿಯಲ್ಲಿ ಸ್ವಲ್ಪ ದೂರ ಓಡಿಸಿ, ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ ಬದಿಗೆ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಿ. ತುದಿ ಬೆಳ್ಳಗಿದ್ದರೆ ಜೆಟ್ ಇನ್ನೂ ಸಣ್ಣದು. ಕಾಫಿ ಬಣ್ಣ ಬರುವತನಕ ವೇಗ ಬೇಡ.