ಹಳೇ ಚರ್ಚೆ ಕೆದಕಬೇಕೋ, ಬೇಡವೋ?

"ಮುಗಿದು ಹೋದ ವಿಷಯ, ಈಗ್ಯಾಕೆ ಕೆದಕ್ತೀಯ?"

ನಮ್ಮ ಮನೆಗಳಲ್ಲಿ ಈ ಮಾತು ಕೇಳದವರು ಇರಲಿಕ್ಕಿಲ್ಲ. ಆಸ್ತಿ ಭಾಗ, ಮದುವೆ ಮನೆಯ ಮುನಿಸು, ಯಾರೋ ಯಾರಿಗೋ ಕೊಟ್ಟ ಕೈಸಾಲ, ಯಾವುದೇ ಆಗಲಿ, ಹಳೆಯದನ್ನು ಎತ್ತಿದವರದ್ದೇ ತಪ್ಪು. ಇಂಟರ್‌ನೆಟ್‌ನ ಹವ್ಯಾಸಿ ಬಳಗಗಳಲ್ಲೂ ಇದೇ ಕಾನೂನು. ಕ್ಯಾಮೆರಾ, ಅಕ್ವೇರಿಯಂ, ಫೌಂಟನ್ ಪೆನ್ನು, ತಾರಸಿ ತೋಟ, ಹಳೇ ಬೈಕು ಹೀಗೆ ನಿಮ್ಮ ಹುಚ್ಚು ಯಾವುದೇ ಇರಲಿ, ಏಳೆಂಟು ವರ್ಷ ಹಿಂದಿನ ಚರ್ಚೆಯ ಕೆಳಗೆ ಒಂದು ಸಾಲು ಬರೆದು ನೋಡಿ. ಯಾರಾದರೂ ಒಬ್ಬರು ಬಂದು "ಬ್ರೋ, ಡೇಟ್ ನೋಡಿದ್ರಾ?" ಅಂತ ಕೇಳೇ ಕೇಳುತ್ತಾರೆ.

ಇದಕ್ಕೆ ಇಂಗ್ಲಿಷಿನಲ್ಲಿ 'ನೆಕ್ರೋಪೋಸ್ಟಿಂಗ್' ಅಂತ ಒಂದು ಹೆಸರೇ ಇದೆ. ಗ್ರೀಕ್ ಭಾಷೆಯ 'ನೆಕ್ರೋಸ್' ಅಂದರೆ ಹೆಣ. ಸತ್ತ ಚರ್ಚೆಯನ್ನು ಎಬ್ಬಿಸಿ ಕೂರಿಸುವವರ ಮೇಲಿನ ವ್ಯಂಗ್ಯ ಅದು. ಆದರೆ ಎಲ್ಲ ಹಳೇ ಚರ್ಚೆಯೂ ಸತ್ತಿರುತ್ತದಾ? ನನಗಂತೂ ಹಾಗನ್ನಿಸುವುದಿಲ್ಲ.

ಸಿಟ್ಟು ಯಾಕೆ ಬರುತ್ತೆ?

ಮೊದಲು ಸಿಟ್ಟು ಮಾಡಿಕೊಳ್ಳುವವರ ಕಡೆಯಿಂದ ನೋಡೋಣ. ಇಂಥ ಬಳಗಗಳಲ್ಲಿ ಸಾಮಾನ್ಯವಾಗಿ ಕೊನೆಯ ಉತ್ತರ ಯಾವುದಕ್ಕೆ ಬಂದಿದೆಯೋ ಆ ಚರ್ಚೆ ಪಟ್ಟಿಯ ಮೇಲಕ್ಕೆ ಬರುತ್ತದೆ. ನೀವು 2013ರ ಚರ್ಚೆಯೊಂದಕ್ಕೆ "ನಂಗೂ ಸೇಮ್ ಪ್ರಾಬ್ಲಂ" ಅಂತ ಹಾಕಿದರೆ ಅದು ಇವತ್ತಿನ ಪ್ರಶ್ನೆಗಳನ್ನೆಲ್ಲ ಕೆಳಗೆ ತಳ್ಳಿ ಮೇಲೆ ಕೂರುತ್ತದೆ. ಅಲ್ಲಿ ಹಿಂದೆ ಮಾತಾಡಿದವರಿಗೆಲ್ಲ ನೋಟಿಫಿಕೇಶನ್ ಹೋಗುತ್ತದೆ. ಡೇಟ್ ನೋಡದವರು ಬಂದು, ಕ್ಯಾಮೆರಾ ಮಾರಿ ಹತ್ತು ವರ್ಷ ಆದವನಿಗೆ ಲೆನ್ಸ್ ಯಾವುದು ತಗೋಬೇಕು ಅಂತ ಸಲಹೆ ಕೊಡಲು ಶುರು ಮಾಡುತ್ತಾರೆ. ಇದು ನಿಜಕ್ಕೂ ಕಿರಿಕಿರಿಯೇ.

ಅದಕ್ಕೇ ಒಬ್ಬೊಬ್ಬರು ಒಂದೊಂದು ದಾರಿ ಹಿಡಿದಿದ್ದಾರೆ. ರೆಡಿಟ್‌ನಲ್ಲಿ ಬಹಳ ಕಾಲ 6 ತಿಂಗಳು ದಾಟಿದ ಪೋಸ್ಟ್‌ಗೆ ತಾನಾಗಿಯೇ ಬೀಗ ಬೀಳುತ್ತಿತ್ತು. 2021ರಲ್ಲಿ ಆ ತೀರ್ಮಾನವನ್ನು ಆಯಾ ಬಳಗಕ್ಕೇ ಬಿಟ್ಟರು. ನಮ್ಮಂಥ ಪ್ರೋಗ್ರಾಮರ್‌ಗಳ ನಿತ್ಯದ ಅನ್ನದಾತ ಆಗಿದ್ದ ಸ್ಟ್ಯಾಕ್ ಓವರ್‌ಫ್ಲೋ ಮಾತ್ರ ಉಲ್ಟಾ ದಾರಿ ಹಿಡಿಯಿತು. ಅಲ್ಲಿ 60 ದಿನಕ್ಕಿಂತ ಹಳೆಯ ಪ್ರಶ್ನೆಗೆ ಉತ್ತರ ಬರೆದು, ಆ ಉತ್ತರಕ್ಕೆ 5 ಅಂಕ ಬಂದರೆ 'ನೆಕ್ರೋಮ್ಯಾನ್ಸರ್' ಅನ್ನೋ ಬ್ಯಾಡ್ಜ್ ಕೊಡುತ್ತಾರೆ. ಒಂದು ಕಡೆ ಬೈಗುಳ, ಇನ್ನೊಂದು ಕಡೆ ಪದಕ! ಅಂದರೆ ಹಳೆಯದನ್ನು ಎತ್ತುವುದೇ ತಪ್ಪು ಅನ್ನೋ ಹಾಗಿಲ್ಲ. ಏನು ಇಟ್ಟುಕೊಂಡು ಎತ್ತುತ್ತೀರಿ ಅನ್ನೋದೇ ಮುಖ್ಯ.

ಒಂದು ಮುಚ್ಚಳದ ಕಥೆ

ನನ್ನ ಹುಚ್ಚು ಹಳೇ ಬೈಕು. ಅಪ್ಪನ 1989ರ ಯೆಜ್ಡಿ ರೋಡ್‌ಕಿಂಗ್ ಈಗ ನನ್ನ ಪಾಲಿಗಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕ್ ತಯಾರಿಸಲು ಶುರು ಮಾಡಿ, 1996ರಲ್ಲಿ ಬಾಗಿಲು ಹಾಕಿತು. 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಮಾರುಕಟ್ಟೆಗೆ ಬಂತು, ನಿಜ. ಆದರೆ ಅದು ಫೋರ್ ಸ್ಟ್ರೋಕ್ ಎಂಜಿನ್‌ನ ಬೇರೆಯದೇ ಬೈಕು. ನಮ್ಮ ಟೂ ಸ್ಟ್ರೋಕ್ ಗಾಡಿ ಕೈಕೊಟ್ಟರೆ ಕೇಳಲು ಉಳಿದಿರುವುದು ಇಬ್ಬರೇ: ವಯಸ್ಸಾದ ಮೆಕ್ಯಾನಿಕ್‌ಗಳು ಮತ್ತು ಹಳೇ ಚರ್ಚೆಗಳು.

ಗಾಡಿ ಹತ್ತು ಹನ್ನೆರಡು ಕಿಲೋಮೀಟರ್ ಓಡಿ ಸುಮ್ಮನೆ ನಿಂತುಬಿಡುತ್ತಿತ್ತು. ಅರ್ಧ ಗಂಟೆ ಬಿಟ್ಟು ಕಿಕ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್. ಹುಡುಕಿದಾಗ ಡಿಟ್ಟೋ ಇದೇ ತೊಂದರೆಯ 2011ರ ಚರ್ಚೆ ಸಿಕ್ಕಿತು. ಪ್ಲಗ್ ನೋಡಿ, ಕಂಡೆನ್ಸರ್ ಬದಲಿಸಿ, ಕಾರ್ಬ್ಯುರೇಟರ್ ಕ್ಲೀನ್ ಮಾಡಿ ಅಂತ ಎರಡು ಪುಟ ಸಲಹೆ. ಕೊನೆಯಲ್ಲಿ ಪ್ರಶ್ನೆ ಕೇಳಿದವರ ಒಂದೇ ಸಾಲು: "ಸರಿಹೋಯ್ತು, ಎಲ್ಲರಿಗೂ ಥ್ಯಾಂಕ್ಸ್." ಹೇಗೆ ಸರಿಹೋಯ್ತು? ಅದನ್ನೊಂದು ಬಿಟ್ಟು ಮಿಕ್ಕಿದ್ದೆಲ್ಲ ಅಲ್ಲಿತ್ತು.

ಪುಣ್ಯಕ್ಕೆ ಅದರ ಕೆಳಗೆ ಇನ್ನೊಂದು ಉತ್ತರ ಇತ್ತು. ಏಳು ವರ್ಷ ಆದಮೇಲೆ, 2018ರಲ್ಲಿ, ಪರಿಚಯವೇ ಇಲ್ಲದ ಯಾರೋ ಬರೆದದ್ದು: "ನನಗೂ ಹೀಗೇ ಆಗ್ತಿತ್ತು. ಪೆಟ್ರೋಲ್ ಟ್ಯಾಂಕ್ ಮುಚ್ಚಳದ ಗಾಳಿ ತೂತು ಕಟ್ಟಿಕೊಂಡಿತ್ತು. ಗಾಡಿ ನಿಂತಾಗ ಮುಚ್ಚಳ ಸಡಿಲ ಮಾಡಿ ನೋಡಿ. ಸ್ಟಾರ್ಟ್ ಆದ್ರೆ ಇದೇ ಕಾರಣ." ಪೆಟ್ರೋಲ್ ಕೆಳಗೆ ಇಳಿದಷ್ಟೂ ಟ್ಯಾಂಕಿನೊಳಗೆ ಗಾಳಿ ಬರಬೇಕು. ಬರದಿದ್ದರೆ ಒಳಗೆ ನಿರ್ವಾತ ಉಂಟಾಗಿ ಪೆಟ್ರೋಲ್ ಇಳಿಯುವುದೇ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಗಾಳಿ ಹೇಗೋ ನುಸುಳಿ ಮತ್ತೆ ಸರಿಯಾಗುತ್ತದೆ. ಸಣ್ಣ ತಂತಿಯಲ್ಲಿ ತೂತು ಬಿಡಿಸಿದೆ, ಅಷ್ಟೇ. ಖರ್ಚು ಸೊನ್ನೆ.

ಆ ಉತ್ತರದ ಕೆಳಗೆ ಬಂದಿದ್ದ ಮೊದಲ ಪ್ರತಿಕ್ರಿಯೆ ಏನು ಗೊತ್ತಾ? "ಏಳು ವರ್ಷದ ಹಳೇ ಥ್ರೆಡ್ ಯಾಕೆ ಎತ್ತಿದ್ರಿ?" ಆ ಮನುಷ್ಯ ಮತ್ತೆ ಏನೂ ಬರೆಯಲಿಲ್ಲ. ನಿಯಮ ಗೊತ್ತಿದ್ದವರು ಗದರಿದರು. ಆದರೆ ನಾಲ್ಕು ವರ್ಷ ಆದಮೇಲೆ ಬಂದ ನನ್ನಂಥವನ ಗಾಡಿ ಓಡಿಸಿದ್ದು ನಿಯಮ ಮುರಿದವರು.

ತರೋದಕ್ಕೆ ಬನ್ನಿ

ಆಫೀಸಿನಲ್ಲಿ ಕ್ಲೋಸ್ ಆದ ಬಗ್ ಟಿಕೆಟನ್ನು ಯಾರಾದರೂ ರೀಓಪನ್ ಮಾಡಿದರೆ ನಾವು ಕೇಳುವ ಮೊದಲ ಪ್ರಶ್ನೆ "ಹೊಸದೇನಿದೆ?" ಇಲ್ಲೂ ಅದೇ ಅಳತೆ ಸಾಕು.

ಪರಿಹಾರ ಗೊತ್ತಾಗಿದೆಯಾ? ಎಷ್ಟೇ ವರ್ಷ ಆಗಿರಲಿ, ಅದೇ ಚರ್ಚೆಯಲ್ಲಿ ಬರೆಯಿರಿ. ಹುಡುಕಿಕೊಂಡು ಬರುವವರು ಬರುವುದು ಅಲ್ಲಿಗೇ. "ಹಳೇ ಚರ್ಚೆ ಅಂತ ಗೊತ್ತು, ಮುಂದೆ ಬರುವವರಿಗೆ ಅಂತ ಬರೀತಿದ್ದೀನಿ" ಅಂತ ಮೊದಲ ಸಾಲಲ್ಲೇ ಹೇಳಿಬಿಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಹಳೇ ಮಾಹಿತಿ ಈಗ ತಪ್ಪಾಗಿದೆಯಾ? ಆಗಲೂ ಬರೆಯಿರಿ. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ 20 ಶೇಕಡಾ ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಬಿಡುಗಡೆ ಆಯಿತು. ಎಥನಾಲ್ ನೀರಿನಂಶವನ್ನು ಎಳೆದುಕೊಳ್ಳುತ್ತದೆ, ಹಳೇ ರಬ್ಬರ್ ಪೈಪುಗಳಿಗೂ ಒಳ್ಳೆಯದಲ್ಲ. ಹಾಗಿರುವಾಗ "ಟ್ಯಾಂಕ್ ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸಿ, ಏನೂ ಆಗಲ್ಲ" ಅನ್ನೋ 2012ರ ಸಲಹೆ ಹಾಗೇ ಉಳಿದರೆ ಯಾರದೋ ಗಾಡಿ ಹಾಳಾಗುತ್ತದೆ. ಅದರ ಕೆಳಗೆ ಎರಡು ಸಾಲು ಸೇರಿಸುವುದು ಕೆದಕುವುದಲ್ಲ, ಉಪಕಾರ.

ನಿಮ್ಮದು ಹೊಸ ಪ್ರಶ್ನೆಯಾ? ಹೊಸ ಚರ್ಚೆಯನ್ನೇ ಶುರು ಮಾಡಿ. ಹಳೆಯದರ ಲಿಂಕ್ ಹಾಕಿ, "ಇದನ್ನು ಓದಿದ್ದೇನೆ, ಇಷ್ಟು ಮಾಡಿ ನೋಡಿದ್ದೇನೆ, ಆದರೂ ಆಗಿಲ್ಲ" ಅಂತ ಬರೆಯಿರಿ. ಓದಿಕೊಂಡು ಬಂದವರಿಗೆ ಹಿರಿಯರು ಖುಷಿಯಿಂದ ಹೇಳಿಕೊಡುತ್ತಾರೆ.

ಇನ್ನು ಮುಟ್ಟಬಾರದ್ದು ಕೆಲವಿದೆ. ಹಳೇ ಮಾರಾಟದ ಪೋಸ್ಟ್ ಕೆಳಗೆ "ಇನ್ನೂ ಇದೆಯಾ?" ಅಂತ ಕೇಳಬೇಡಿ, ವಿಚಾರಿಸಲೇಬೇಕಿದ್ದರೆ ಅವರಿಗೇ ಪ್ರತ್ಯೇಕವಾಗಿ ಬರೆಯಿರಿ. ಹಳೇ ಜಗಳಕ್ಕೆ ತುಪ್ಪ ಸುರಿಯಬೇಡಿ. "ಸೇಮ್ ಹಿಯರ್", "ಸೂಪರ್" ಅನ್ನೋದಕ್ಕೆ ಲೈಕ್ ಬಟನ್ ಇದೆ.

ಆ ಕಡೆ ಯಾರಿದ್ದಾರೆ?

ಇನ್ನೊಂದು ಮಾತು ಇದೆ, ಇದು ಸ್ವಲ್ಪ ಭಾರದ್ದು. ನಮ್ಮ ಬಳಗದಲ್ಲಿ ಒಬ್ಬರು ಹಿರಿಯರಿದ್ದರು. ಗೇರ್‌ಬಾಕ್ಸ್ ಬಿಚ್ಚುವುದರಿಂದ ಹಿಡಿದು ಎಲ್ಲವನ್ನೂ ಕೈ ಹಿಡಿದು ಬರೆಸಿದ ಹಾಗೆ ವಿವರಿಸುತ್ತಿದ್ದರು. ಅವರ ಹತ್ತು ವರ್ಷ ಹಿಂದಿನ ಉತ್ತರವೊಂದರ ಕೆಳಗೆ ಹೊಸ ಹುಡುಗನೊಬ್ಬ ಅವರನ್ನು ಟ್ಯಾಗ್ ಮಾಡಿ ಪ್ರಶ್ನೆ ಕೇಳಿದ. ಉತ್ತರ ಬರಲಿಲ್ಲ. "ಸರ್, ದಯವಿಟ್ಟು ರಿಪ್ಲೈ ಮಾಡಿ." ಮೂರನೇ ಸಲ: "ಆನ್‌ಲೈನ್ ಅಂತ ತೋರಿಸ್ತಿದೆ, ಯಾಕೆ ಉತ್ತರ ಕೊಡ್ತಿಲ್ಲ?"

ಆಗ ಅದೇ ಅಕೌಂಟ್‌ನಿಂದ ಉತ್ತರ ಬಂತು. "ನಾನು ಅವರ ಮಗಳು. ಅಪ್ಪ ತೀರಿಕೊಂಡು ಎರಡು ವರ್ಷ ಆಯ್ತು. ಅವರು ಬರೆದಿದ್ದನ್ನ ಆಗಾಗ ಬಂದು ಓದ್ತಿರ್ತೀನಿ."

ಆ ಹುಡುಗನದ್ದು ಕೆಟ್ಟ ಉದ್ದೇಶ ಅಲ್ಲ. ಆದರೆ ಪರದೆಯ ಮೇಲಿನ ಹೆಸರು ಹತ್ತು ವರ್ಷ ಹಾಗೇ ಇರುತ್ತದೆ, ಮನುಷ್ಯ ಇರಬೇಕೆಂದಿಲ್ಲ. ಇದ್ದರೂ ಕಾಯಿಲೆ, ಕೆಲಸ, ಸಂಸಾರ ಅಂತ ಆ ಹವ್ಯಾಸದಿಂದಲೇ ದೂರ ಹೋಗಿರಬಹುದು. ಹಳೇ ಚರ್ಚೆಗೆ ಹೋದಾಗ ಬಳಗವನ್ನು ಕೇಳಿ, ಆ ಒಬ್ಬರ ಬಾಗಿಲನ್ನೇ ಮತ್ತೆ ಮತ್ತೆ ತಟ್ಟಬೇಡಿ. ಒಂದು ಸಲ ಕೇಳಿ, ಉತ್ತರ ಬರದಿದ್ದರೆ ಸುಮ್ಮನಾಗಿ.

ಆಮೇಲೆ ಏನಾಯಿತು ಅಂದರೆ, ಆ ಹುಡುಗ ಕ್ಷಮೆ ಕೇಳಿದ. ಉಳಿದವರು ಒಬ್ಬೊಬ್ಬರಾಗಿ ಬಂದು "ನಿಮ್ಮ ತಂದೆಯವರಿಂದ ನಾನು ಇದನ್ನು ಕಲಿತೆ" ಅಂತ ಬರೆಯತೊಡಗಿದರು. ಆ ದಿನ ಯಾರೂ ಡೇಟ್ ನೋಡಿ ಅನ್ನಲಿಲ್ಲ.

ಇರುವಾಗಲೇ ಬರೆಯಿರಿ

ಹಳೇ ಚರ್ಚೆ ಶಾಶ್ವತ ಅಂದುಕೊಳ್ಳಬೇಡಿ. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಯಾಹೂ ಗ್ರೂಪ್ಸ್ 2020ರ ಡಿಸೆಂಬರ್‌ನಲ್ಲಿ ಹೋಯಿತು. 2017ರಲ್ಲಿ ಫೋಟೋಬಕೆಟ್, ಬೇರೆ ಜಾಲತಾಣಗಳಲ್ಲಿ ಫೋಟೋ ತೋರಿಸಬೇಕಾದರೆ ವರ್ಷಕ್ಕೆ ಸುಮಾರು 400 ಡಾಲರ್ ಕೊಡಿ ಅಂದಾಗ, ಜಗತ್ತಿನ ಅದೆಷ್ಟೋ ಹವ್ಯಾಸಿ ಚರ್ಚೆಗಳಲ್ಲಿ ಚಿತ್ರ ಇರಬೇಕಾದ ಜಾಗ ಖಾಲಿಯಾಯಿತು. "ಚಿತ್ರದಲ್ಲಿರುವ ಸ್ಕ್ರೂ ಬಿಚ್ಚಿ" ಅನ್ನೋ ಮಾತು ಉಳಿಯಿತು, ಚಿತ್ರ ಇಲ್ಲ. ಅದಕ್ಕೇ ಚಿತ್ರ ಹಾಕಿದರೂ ವಿಷಯವನ್ನು ಮಾತಿನಲ್ಲೂ ಬರೆದಿಡಿ.

ಈ ವಾರ ಒಂದು ಕೆಲಸ ಮಾಡಿ. ನೀವು ಎಂದೋ ಕೇಳಿದ್ದ ಪ್ರಶ್ನೆಯನ್ನು ಹುಡುಕಿ ತೆಗೆಯಿರಿ. ಆ ಗಿಡ ಚಿಗುರಿತಾ, ಆ ಲೆನ್ಸಿನ ಫಂಗಸ್ ಹೋಯ್ತಾ, ಆ ಪೆನ್ನು ಮತ್ತೆ ಬರೆಯಿತಾ? ಏನು ಮಾಡಿದ್ದರಿಂದ ಆಯ್ತು ಅಂತ ಎರಡು ಸಾಲು ಹಾಕಿಬಿಡಿ. ಯಾರಾದರೂ "ಡೇಟ್ ನೋಡಿ" ಅಂದರೆ ಬೇಜಾರಾಗಬೇಡಿ. ಅದನ್ನು ಓದಬೇಕಾದವರು ಇನ್ನೂ ಹುಡುಕಲು ಶುರು ಮಾಡಿಲ್ಲ, ಅಷ್ಟೇ.