ಮುತ್ತಿನ ಚಿಪ್ಪಿಗೆ ಅಂಟಿದ ಕಾಟ

ಸ್ವಾತಿ ಮಳೆಯ ಹನಿಯೊಂದು ಬಾಯ್ತೆರೆದ ಸಿಂಪಿಯೊಳಗೆ ಬಿದ್ದರೆ ಮುತ್ತಾಗುತ್ತದೆ ಎಂಬುದು ನಮ್ಮಲ್ಲಿ ತಲೆಮಾರುಗಳಿಂದ ಬಂದ ನಂಬಿಕೆ. ಹನಿ ನುಂಗಿದ ಸಿಂಪಿ ಬಾಯಿ ಮುಚ್ಚಿಕೊಂಡು ಕಡಲ ತಳ ಸೇರುತ್ತದೆ. ಅಲ್ಲಿಗೆ ಕಥೆ ಮುಗಿಯಿತು. ಆದರೆ ಮುತ್ತು ಬೆಳೆಸುವವರ ಕೆಲಸ ಅಲ್ಲಿಂದಲೇ ಶುರು. ಮುತ್ತು ಹೊತ್ತ ಸಿಂಪಿಯನ್ನು ಅವರು ಮತ್ತೆ ಮತ್ತೆ ನೀರಿನಿಂದ ಮೇಲೆತ್ತಬೇಕು, ಮೈ ಕೆರೆದು ತೊಳೆಯಬೇಕು, ಪುನಃ ನೀರಿಗೆ ಇಳಿಬಿಡಬೇಕು. ಏಕೆಂದರೆ ಸಮುದ್ರ ಯಾವ ಗಟ್ಟಿ ವಸ್ತುವನ್ನೂ ಹೆಚ್ಚು ದಿನ ಖಾಲಿ ಬಿಡುವುದಿಲ್ಲ.

ಮಲ್ಪೆ ಅಥವಾ ಮಂಗಳೂರಿನ ದಕ್ಕೆಯಲ್ಲಿ ದಡಕ್ಕೆಳೆದ ದೋಣಿಯ ತಳ ನೋಡಿದವರಿಗೆ ಇದು ಹೊಸತಲ್ಲ. ತಿಂಗಳುಗಟ್ಟಲೆ ನೀರಿನಲ್ಲಿದ್ದ ದೋಣಿಯ ಅಡಿಗೆ ಪಾಚಿಯೂ ಸಣ್ಣ ಸಣ್ಣ ಬಿಳಿ ಚಿಪ್ಪುಗಳೂ ಕಚ್ಚಿಕೊಂಡಿರುತ್ತವೆ. ಹೀಗೆ ಜೀವಿಗಳು ಬಂದು ಮೆತ್ತಿಕೊಳ್ಳುವುದಕ್ಕೆ ವಿಜ್ಞಾನಿಗಳು ಬಯೋಫೌಲಿಂಗ್ ಎನ್ನುತ್ತಾರೆ. ದೋಣಿಯ ಹಲಗೆಯಾದರೇನು, ಬಂದರಿನ ಕಂಬವಾದರೇನು, ಜೀವಂತ ಸಿಂಪಿಯ ಬೆನ್ನಾದರೇನು, ಅಂಟುವ ಜೀವಿಗೆ ಎಲ್ಲವೂ ಒಂದೇ.

ಇದು ಹಂತಹಂತವಾಗಿ ನಡೆಯುತ್ತದೆ. ವಸ್ತು ನೀರಿಗೆ ಇಳಿದ ಕೆಲವೇ ಗಂಟೆಗಳಲ್ಲಿ ಬ್ಯಾಕ್ಟೀರಿಯಾಗಳು ಅದರ ಮೇಲೆ ತೆಳುವಾದ ಲೋಳೆ ಪೊರೆ ಕಟ್ಟುತ್ತವೆ. ಬಳಿಕ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ಬರುತ್ತವೆ. ಅವುಗಳ ಹಿಂದೆ ನೀರಿನಲ್ಲಿ ತೇಲಾಡುವ ಅಸಂಖ್ಯ ಮರಿಗಳು ನೆಲೆ ಹುಡುಕಿಕೊಂಡು ಬರುತ್ತವೆ. ಬಾರ್ನಕಲ್, ಕೊಳವೆ ಹುಳು, ಸ್ಪಂಜು, ಬೇರೆ ಜಾತಿಯ ಸಿಂಪಿ, ಹೀಗೆ ಪಟ್ಟಿ ಬೆಳೆಯುತ್ತದೆ.

ಇವುಗಳಲ್ಲಿ ಬಾರ್ನಕಲ್‌ನ ಬದುಕು ವಿಚಿತ್ರ. ಏಡಿ, ಸೀಗಡಿಗಳ ಬಳಗಕ್ಕೆ ಸೇರಿದ ಈ ಜೀವಿ ಮರಿಯಾಗಿದ್ದಾಗ ಸ್ವಚ್ಛಂದವಾಗಿ ಈಜುತ್ತದೆ. ಜಾಗ ಹಿಡಿಸಿತೆಂದರೆ ತಲೆಯ ಭಾಗದಿಂದ ಅಂಟು ಸುರಿಸಿ ಅಲ್ಲೇ ಊರಿಕೊಳ್ಳುತ್ತದೆ, ಸುತ್ತ ಸುಣ್ಣದ ಗೋಡೆ ಕಟ್ಟುತ್ತದೆ. ಆಮೇಲೆ ಜೀವನವಿಡೀ ತಲೆಕೆಳಗಾಗಿ ನಿಂತು, ಕಾಲುಗಳನ್ನು ಬೀಸಿ ಆಹಾರ ಸೆಳೆಯುತ್ತದೆ. ವಿಕಾಸವಾದದ ಚಾರ್ಲ್ಸ್ ಡಾರ್ವಿನ್ 1846ರಿಂದ 1854ರವರೆಗೆ ಎಂಟು ವರ್ಷ ಈ ಬಾರ್ನಕಲ್‌ಗಳ ಅಧ್ಯಯನಕ್ಕೇ ಮುಡಿಪಾಗಿಟ್ಟಿದ್ದರು.

ಇಂಥ ಜೀವಿಗಳು ಮೆತ್ತಿಕೊಂಡರೆ ಒಳಗಿನ ಮುತ್ತಿಗೆ ಏನಾಗುತ್ತದೆ? ಇದು ತಿಳಿಯಬೇಕಾದರೆ ಸಾಕಿದ ಮುತ್ತು ಹೇಗೆ ಹುಟ್ಟುತ್ತದೆಂದು ನೋಡಬೇಕು. 1893ರಲ್ಲಿ ಜಪಾನಿನ ಮಿಕಿಮೊಟೊ ಕೊಕಿಚಿ ಚಿಪ್ಪಿನ ಒಳಗೋಡೆಗೆ ಅಂಟಿದ ಅರೆಗೋಲದ ಮುತ್ತು ಬೆಳೆಸಿದರು. ಪೂರ್ಣ ಗೋಲದ ಮುತ್ತಿನ ವಿಧಾನ ಜಪಾನಿನಲ್ಲೇ ಮುಂದಿನ ವರ್ಷಗಳಲ್ಲಿ ರೂಪುಗೊಂಡಿತು. ಸಿಹಿನೀರಿನ ಕಪ್ಪೆಚಿಪ್ಪಿನಿಂದ ಕಡೆದ ಮಣಿಯೊಂದನ್ನು ಸಿಂಪಿಯ ದೇಹದೊಳಗೆ ಇಡುತ್ತಾರೆ. ಅದರ ಪಕ್ಕಕ್ಕೆ, ಮತ್ತೊಂದು ಸಿಂಪಿಯ ಒಳಪೊರೆಯ ಸಣ್ಣ ತುಣುಕನ್ನೂ ಇಡುತ್ತಾರೆ. ಆ ತುಣುಕು ಬೆಳೆದು ಮಣಿಯ ಸುತ್ತ ಚೀಲವಾಗಿ, ಅದರ ಮೇಲೆ ಹೊಳಪಿನ ಪದರಗಳನ್ನು ಹೊದಿಸುತ್ತದೆ. ಒಂದೊಂದು ಪದರವೂ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ತೆಳು. ಮುತ್ತಿಗೆ ಕಾಂತಿ ಬರಬೇಕಾದರೆ ಸಿಂಪಿ ಆರೋಗ್ಯವಾಗಿರಬೇಕು. ಅದಕ್ಕೆ ಆಹಾರ ಬೇಕು, ಹರಿಯುವ ನೀರು ಬೇಕು.

ಅಂಟಿದ ಜೀವಿಗಳು ಕಸಿಯುವುದು ಇವನ್ನೇ. ಸಿಂಪಿ ನೀರನ್ನು ಸೋಸಿ ಅದರಲ್ಲಿನ ಸೂಕ್ಷ್ಮ ಸಸ್ಯಗಳನ್ನು ತಿನ್ನುತ್ತದೆ. ಬೆನ್ನ ಮೇಲೆ ಕುಳಿತ ಅತಿಥಿಗಳಲ್ಲಿ ಬಹುತೇಕ ಬದುಕುವುದೂ ಅದೇ ಊಟದಲ್ಲಿ. ಸಾಕಣೆಯಲ್ಲಿ ಸಿಂಪಿಗಳನ್ನು ತೆಪ್ಪಗಳಿಂದ ಬಲೆಬುಟ್ಟಿಗಳಲ್ಲಿ ತೂಗುಬಿಡುವುದರಿಂದ ತೊಂದರೆ ಇಮ್ಮಡಿ. ಬಲೆಯ ಕಣ್ಣುಗಳೂ ಮುಚ್ಚಿಹೋಗಿ ಒಳಗೆ ನೀರು ಹರಿಯುವುದಿಲ್ಲ. ಭಾರ ಏರಿ ಹಗ್ಗಗಳು ಜಗ್ಗುತ್ತವೆ. ಚಿಪ್ಪಿನ ಅಂಚಿನಲ್ಲೇ ಬಾರ್ನಕಲ್ ಬೆಳೆದರೆ ಸಿಂಪಿಗೆ ಬಾಯಿ ತೆರೆದು ಮುಚ್ಚುವುದೂ ಕಷ್ಟ.

ಹೊರಗಿನವರಿಗಿಂತ ಅಪಾಯಕಾರಿ ಚಿಪ್ಪನ್ನು ಕೊರೆಯುವವರು. ಪಾಲಿಡೋರ ಎಂಬ ಹುಳು ಚಿಪ್ಪಿನಲ್ಲಿ ಬಿಲ ತೋಡಿ ಕೆಸರು ತುಂಬುತ್ತದೆ. ಕ್ಲಯೋನ ಎಂಬ ಸ್ಪಂಜು ಚಿಪ್ಪನ್ನು ಗೆದ್ದಲು ಹಿಡಿದ ಹಲಗೆಯಂತೆ ಟೊಳ್ಳಾಗಿಸುತ್ತದೆ. ಬಿಲ ಒಳಗೋಡೆ ಮುಟ್ಟಿದರೆ ಸಿಂಪಿ ಹೊಳಪಿನ ಪದರ ಬಳಿದು ತೂತನ್ನು ಮುಚ್ಚುತ್ತದೆ. ಮಣಿಯನ್ನು ಮುತ್ತಾಗಿಸುವ ಪದಾರ್ಥವೇ ಇದು. ಮುತ್ತಿಗೆ ಸಲ್ಲಬೇಕಾದ ಶಕ್ತಿ ಮನೆಯ ಬಿರುಕು ಮುಚ್ಚುವುದರಲ್ಲಿ ಕರಗುತ್ತದೆ.

ನಮ್ಮ ದೇಶದಲ್ಲಿ ಈ ಪಾಠ ಕಲಿತದ್ದು ಮನ್ನಾರ್ ಕೊಲ್ಲಿಯಲ್ಲಿ. ಶತಮಾನಗಳಿಂದ ಮುಳುಗುಗಾರರು ಮುತ್ತು ಹೆಕ್ಕುತ್ತಿದ್ದ ತೂತ್ತುಕುಡಿ ಕರಾವಳಿಯಲ್ಲಿ ಕೊನೆಯ ದೊಡ್ಡ ಮುತ್ತಿನ ಬೇಟೆ ನಡೆದದ್ದು 1961ರಲ್ಲಿ. ಕಾಡುಸಿಂಪಿಯ ಕಾಲ ಮುಗಿದ ಮೇಲೆ ಸಾಕಣೆಯೊಂದೇ ದಾರಿಯಾಯಿತು. 1973ರಲ್ಲಿ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಡಾ. ಕೆ. ಅಳಗರಸ್ವಾಮಿ ಮತ್ತು ಸಂಗಡಿಗರು ಅಲ್ಲಿ ಗೋಲ ಮುತ್ತು ಬೆಳೆಸಿದರು. ಹತ್ತಿರದ ವೆಪ್ಪಲೋಡೈಯಲ್ಲಿ ತೆಪ್ಪಗಳು ತೇಲಿದವು. ಬಾರ್ನಕಲ್, ಪಾಲಿಡೋರ, ಕ್ಲಯೋನ ಎಲ್ಲವೂ ಅಲ್ಲಿಗೂ ಬಂದವು. ಮುತ್ತು ಬೆಳೆಸುವ ವಿದ್ಯೆ ಕೈಗೆ ಬಂದರೆ ಸಾಲದು, ಸಿಂಪಿಯನ್ನು ಕಾಯುವ ವಿದ್ಯೆಯೂ ಬೇಕು ಎಂಬುದು ಆಗ ಸ್ಪಷ್ಟವಾಯಿತು.

ಹಡಗಿಗೆ ಬಳಿಯುವಂತೆ ವಿಷದ ಬಣ್ಣ ಬಳಿದರಾಗದೇ ಎಂದು ಓದುಗರು ಕೇಳಬಹುದು. ಅದರ ಫಲ ಏನೆಂಬುದನ್ನು ಫ್ರಾನ್ಸಿನ ಆರ್ಕಶೋನ್ ಕೊಲ್ಲಿ ತೋರಿಸಿಕೊಟ್ಟಿದೆ. ಅಲ್ಲಿ ತಿನ್ನುವ ಸಿಂಪಿಗಳ ಸಾಕಣೆ ನಡೆಯುತ್ತದೆ. 1970ರ ದಶಕದ ಕೊನೆಯಲ್ಲಿ ಆ ಸಿಂಪಿಗಳ ಚಿಪ್ಪು ವಿಕಾರವಾಗಿ ದಪ್ಪಗಾಯಿತು, ಮರಿಗಳು ಬದುಕಲಿಲ್ಲ. ಕಾರಣ, ದೋಣಿಗಳ ಬಣ್ಣದಲ್ಲಿದ್ದ ಟ್ರೈಬ್ಯುಟೈಲ್ ಟಿನ್ ಎಂಬ ತವರದ ಸಂಯುಕ್ತ. 1982ರಲ್ಲಿ ಫ್ರಾನ್ಸ್ ಅದಕ್ಕೆ ಕಡಿವಾಣ ಹಾಕಿತು. ಹಡಗುಗಳಲ್ಲಿ ಅದನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದ 2008ರಲ್ಲಿ ಜಾರಿಗೆ ಬಂತು. ಬಾರ್ನಕಲ್‌ಗೆ ವಿಷವಾದದ್ದು ಸಿಂಪಿಗೆ ಅಮೃತವಾದೀತೇ?

ಹಾಗಾಗಿ ಉಳಿದದ್ದು ಹಳೆಯ ಉಪಾಯಗಳೇ. ಬ್ರಷ್ಷು, ಚಾಕುವಿನಿಂದ ಕೆರೆಯುವುದು ಒಂದು. ಕೊರೆಯುವ ಹುಳುಗಳಿಗೆ ಸಿಹಿನೀರಿನ ಅಥವಾ ಕಡು ಉಪ್ಪುನೀರಿನ ಸ್ನಾನ ಇನ್ನೊಂದು. ಸಿಂಪಿ ಬಿಗಿಯಾಗಿ ಬಾಯಿ ಮುಚ್ಚಿಕೊಂಡು ಆ ಹೊತ್ತನ್ನು ಕಳೆಯುತ್ತದೆ, ಬಾಗಿಲಿಲ್ಲದ ಹುಳು ಸಾಯುತ್ತದೆ. ದೊಡ್ಡ ಸಾಕಣೆಗಳಲ್ಲಿ ರಭಸದಿಂದ ನೀರು ಚಿಮ್ಮುವ ಯಂತ್ರಗಳಿವೆ.

ತೊಳೆಯುವುದೂ ನಿರಪಾಯವಲ್ಲ. ಹೆಚ್ಚು ಹೊತ್ತು ಬಿಸಿಲಿಗಿಟ್ಟರೆ ಸಿಂಪಿ ಬಳಲುತ್ತದೆ, ಒರಟಾಗಿ ಕೆರೆದರೆ ಹೊಸದಾಗಿ ಬೆಳೆದ ಅಂಚು ಮುರಿಯುತ್ತದೆ. ತೊಳೆದ ಕೊಳೆಯನ್ನು ಅಲ್ಲೇ ನೀರಿಗೆ ಬಿಟ್ಟರೆ ಸ್ಪಂಜಿನಂಥವು ಚೂರುಗಳಿಂದಲೇ ಮತ್ತೆ ಬೆಳೆದಾವು. ಸಿಂಪಿಗಳನ್ನು ಊರಿಂದೂರಿಗೆ ಸಾಗಿಸಿದರೆ ಬೆನ್ನಿಗಂಟಿದ ಕಾಟವೂ ಜೊತೆಗೇ ಪ್ರಯಾಣ ಮಾಡುತ್ತದೆ. ಕಡಿಮೆ ತೊಳೆದರೆ ಒಂದು ನಷ್ಟ, ಹೆಚ್ಚು ತೊಳೆದರೆ ಇನ್ನೊಂದು. ಇವೆರಡರ ನಡುವಿನ ಹದ ಸಿಗುವುದು ನೀರಿನ ಜೊತೆ ಬದುಕಿದ ಕೈಗಳಿಗೆ ಮಾತ್ರ.

ಈ ದುಡಿಮೆಗೆ ಕೂಲಿ ಬೇಕು, ದೋಣಿ ಬೇಕು. ದೊಡ್ಡ ಬಂಡವಾಳದವರು ಯಂತ್ರ ತರುತ್ತಾರೆ. ನಾಲ್ಕಾರು ತೆಪ್ಪ ಕಟ್ಟಿದ ಬಡ ಮೀನುಗಾರ ಎರಡು ಸಲದ ತೊಳೆತ ತಪ್ಪಿಸಿದರೆ ವರ್ಷದ ಬೆಳೆಯೇ ಕೈಬಿಟ್ಟೀತು. ಮುತ್ತು ಸಾಕಣೆಯಿಂದ ಕರಾವಳಿಯ ಬಡವರ ಬದುಕು ಹಸನಾದೀತು ಎನ್ನುವವರು ಮಣಿ ಇಡುವ ತರಬೇತಿಯಷ್ಟೇ ಗಮನವನ್ನು ಚಿಪ್ಪು ಕೆರೆಯುವ ಖರ್ಚಿಗೂ ಕೊಡಬೇಕು. ಸ್ವಾತಿ ಮಳೆ ವರ್ಷಕ್ಕೊಮ್ಮೆ ಬಂದು ಹೋಗುತ್ತದೆ. ಚಿಪ್ಪು ತೊಳೆಯುವ ಸರದಿ ಮಾತ್ರ ಕೆಲವೇ ವಾರಗಳಲ್ಲಿ ಮತ್ತೆ ಬರುತ್ತದೆ.