ಐವತ್ತು ರೂಪಾಯಿಗೆ ಮರಳಿದ ದನಿ

ಗಂಟಲ ಕ್ಯಾನ್ಸರ್ ಬಲಿತಾಗ ಕೆಲವೊಮ್ಮೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗುತ್ತದೆ. ಜೀವ ಉಳಿಯುತ್ತದೆ, ಮಾತು ಹೋಗುತ್ತದೆ. ಉಸಿರಾಟವೆಲ್ಲ ಕತ್ತಿನ ಮುಂಭಾಗದ ರಂಧ್ರದಿಂದ. ಹಾಗಾಗಿ ಒಗ್ಗರಣೆಯ ಘಮ ಸರಿಯಾಗಿ ತಿಳಿಯುವುದಿಲ್ಲ, ಬಿಸಿ ಕಾಫಿಯನ್ನು ಊದಿ ಆರಿಸಲಾಗುವುದಿಲ್ಲ. ಸ್ನಾನದ ನೀರು ಆ ರಂಧ್ರಕ್ಕೆ ಇಳಿದರೆ ನೇರ ಶ್ವಾಸಕೋಶದ ದಾರಿ ಹಿಡಿಯುತ್ತದೆ. ಇದಕ್ಕೆಲ್ಲ ರೋಗಿ ಹೇಗೋ ಹೊಂದಿಕೊಂಡಾರು. ಮಗುವನ್ನು ಹೆಸರು ಹಿಡಿದು ಕರೆಯಲಾಗದ ಸಂಕಟವೇ ಬೇರೆ.

ಈ ಸಂಕಟ ಆ ಶಸ್ತ್ರಚಿಕಿತ್ಸೆಯಷ್ಟೇ ಹಳೆಯದು. 1873ರಲ್ಲಿ ವಿಯೆನ್ನಾದ ಥಿಯೋಡರ್ ಬಿಲ್‌ರೋತ್ ಕ್ಯಾನ್ಸರ್ ರೋಗಿಯೊಬ್ಬರ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದರು. ಅವರ ಸಹಾಯಕ ಕಾರ್ಲ್ ಗುಸ್ಸೆನ್‌ಬೌವರ್ ಆ ರೋಗಿಗೆ ಕೃತಕ ಧ್ವನಿಪೆಟ್ಟಿಗೆ ಮಾಡಿಕೊಟ್ಟರು. ಕತ್ತರಿ ಹಿಡಿದವರ ಬಳಗವೇ ಅಂದೇ ಮಾತಿನ ಚಿಂತೆಯನ್ನೂ ಮಾಡಿತ್ತೆಂಬುದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಆದರೂ ದಿನಬಳಕೆಗೆ ಒಗ್ಗುವ ಸಾಧನಕ್ಕೆ ನೂರು ವರ್ಷ ಹಿಡಿಯಿತು. 1980ರ ಹೊತ್ತಿಗೆ ಅಮೆರಿಕದ ಮಾರ್ಕ್ ಸಿಂಗರ್ ಮತ್ತು ಎರಿಕ್ ಬ್ಲಾಮ್, ಶ್ವಾಸನಾಳ ಮತ್ತು ಅನ್ನನಾಳದ ನಡುವಿನ ಗೋಡೆಯಲ್ಲಿ ಸಣ್ಣ ತೂತು ಮಾಡಿ ಸಿಲಿಕೋನ್ ಕವಾಟ ಕೂರಿಸುವ ಕ್ರಮ ತಂದರು. ರೋಗಿ ಉಸಿರೆಳೆದುಕೊಂಡು ಹೆಬ್ಬೆರಳಿನಿಂದ ಕತ್ತಿನ ರಂಧ್ರ ಮುಚ್ಚುತ್ತಾರೆ. ಹೊರಬರಲು ದಾರಿಯಿಲ್ಲದ ಗಾಳಿ ಕವಾಟ ದಾಟಿ ಅನ್ನನಾಳಕ್ಕೆ ನುಗ್ಗಿ, ಅಲ್ಲಿನ ಗೋಡೆ ಕಂಪಿಸುವಂತೆ ಮಾಡುತ್ತದೆ. ತುಸು ಗೊಗ್ಗರು ದನಿ ಏಳುತ್ತದೆ. ನಾಲಿಗೆ, ತುಟಿಗಳು ಅದನ್ನು ಮಾತಾಗಿಸುತ್ತವೆ.

ತೊಡಕಿದ್ದದ್ದು ಬೆಲೆಯಲ್ಲಿ. ಹೊರದೇಶದ ಕವಾಟಕ್ಕೆ ಹದಿನೈದು, ಮೂವತ್ತು ಸಾವಿರ ರೂಪಾಯಿ. ಅದೂ ಒಮ್ಮೆ ಕೊಂಡರೆ ಮುಗಿಯಿತೆಂದಲ್ಲ. ಶಿಲೀಂಧ್ರ ಬೆಳೆದು ಕವಾಟ ಸಡಿಲವಾಗುತ್ತದೆ, ಕುಡಿದ ನೀರು ಶ್ವಾಸನಾಳಕ್ಕೆ ಸೋರಿ ಕೆಮ್ಮು ಒತ್ತರಿಸುತ್ತದೆ. ಆಗ ಹೊಸದು ಬೇಕು. ಕೂಲಿ ಮಾಡುವವರು ಎಲ್ಲಿಂದ ತಂದಾರು?

ಬೆಂಗಳೂರಿನ ತಲೆ–ಕತ್ತು ಕ್ಯಾನ್ಸರ್ ಶಸ್ತ್ರವೈದ್ಯ ಡಾ. ವಿಶಾಲ್ ರಾವ್ ಬಡರೋಗಿಗಳಿಗಾಗಿ ದಾನಿಗಳ ನೆರವು ಕೇಳುತ್ತಿದ್ದರು. ನಾವೇ ಏಕೆ ಮಾಡಬಾರದು ಎಂಬ ಪ್ರಶ್ನೆ ಎತ್ತಿದವರು ಅವರ ಗೆಳೆಯ, ಉದ್ಯಮಿ ಶಶಾಂಕ್ ಮಹೇಶ್. ಇಬ್ಬರೂ ಸೇರಿ ರೂಪಿಸಿದ ಸಿಲಿಕೋನ್ ಕವಾಟವೇ ‘ಓಂ’. 2015ರ ವೇಳೆಗೆ ಸುದ್ದಿಯಾದಾಗ ಅದರ ಬೆಲೆ ಸುಮಾರು 50 ರೂಪಾಯಿ.

ಕವಾಟ ಎಲ್ಲರಿಗೂ ಹೊಂದುವುದಿಲ್ಲ. ಕೆಲವರು ಅನ್ನನಾಳದಿಂದಲೇ ಮಾತಾಡಲು ಕಲಿಯುತ್ತಾರೆ, ಕೆಲವರು ಕತ್ತಿಗೆ ಒತ್ತಿ ಹಿಡಿಯುವ ಬ್ಯಾಟರಿ ಯಂತ್ರ ಬಳಸುತ್ತಾರೆ. ಯಾವುದಕ್ಕೂ ತರಬೇತಿ ಬೇಕು, ಮನೆಯವರ ತಾಳ್ಮೆ ಬೇಕು. ಆದ್ದರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನವೇ ವೈದ್ಯರನ್ನು ಕೇಳಿ: ಆಪರೇಷನ್ ಆದಮೇಲೆ ಇವರು ಮಾತಾಡುವುದು ಹೇಗೆ?